ಪುಣೆಯ ಸ್ಕಿನ್ ಕ್ಲಿನಿಕ್‌ನಲ್ಲಿ ನೋಡಿದವರು ನಿಜಕ್ಕೂ ಡಾಕ್ಟರಾ? ತಿಳಿಯೋದು ಹೇಗೆ?

ವಿದ್ಯಾನಗರದ ಅಮ್ಮ, ಹುಬ್ಬಳ್ಳಿ:
ಮಗಳು ಪುಣೆಯಲ್ಲಿ ಕೆಲಸಕ್ಕಿದ್ದಾಳೆ. ಎರಡೂ ಕೆನ್ನೆ ಮೇಲೆ ಬಂಗು ಬಂದಿದೆ. ಅಲ್ಲೊಂದು ಸ್ಕಿನ್ ಕ್ಲಿನಿಕ್‌ನವರು ಲೇಸರ್ ಪ್ಯಾಕೇಜ್ ತಗೊಳ್ಳಿ, ಇವತ್ತೇ ಅರ್ಧ ದುಡ್ಡು ಕಟ್ಟಿದರೆ ರಿಯಾಯಿತಿ ಅಂತ ಬೆನ್ನು ಹತ್ತಿದ್ದಾರೆ. ನೋಡಿದವರು ಬಿಳಿ ಕೋಟು ಹಾಕಿದ್ದರಂತೆ. ಬೋರ್ಡಿನಲ್ಲಿ ಯಾರ ಹೆಸರೂ ಇಲ್ಲ. ಇಲ್ಲಿ ಹುಬ್ಬಳ್ಳಿಯಲ್ಲಾದರೆ ಓಣಿಯಲ್ಲಿ ನಾಲ್ಕು ಜನರನ್ನು ಕೇಳಬಹುದು. ಪರರಾಜ್ಯದಲ್ಲಿ ಯಾರನ್ನು ಕೇಳಲಿ? ಮುಖದ ವಿಷಯ, ನನಗೆ ತುಂಬಾ ಚಿಂತೆಯಾಗಿದೆ.

ಸಪ್ತಾಪುರ, ಧಾರವಾಡ:
ಅಕ್ಕಾರ, ದುಡ್ಡು ಕಟ್ಟಬೇಡಿ ಅನ್ನಿ. ಔಷಧಿ ಚೀಟಿ, ರಸೀದಿ ಎರಡರ ಮೇಲೂ ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಇರಬೇಕು. ಇದು 2002ರಿಂದ ಇರುವ ನಿಯಮ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ಹುಡುಕಿದರೆ ಹೆಸರು, ಓದು ಎರಡೂ ಸಿಗುತ್ತವೆ. ಮಹಾರಾಷ್ಟ್ರದ ಪಟ್ಟಿಯಲ್ಲಿ ಸಿಗದಿದ್ದರೆ ಹೆಸರಿನ ಮೇಲೂ ಹುಡುಕಿ. ಕರ್ನಾಟಕದಲ್ಲಿ ಓದಿ ಅಲ್ಲಿಗೆ ಹೋದವರು ನಮ್ಮ ಕರ್ನಾಟಕ ವೈದ್ಯಕೀಯ ಕೌನ್ಸಿಲ್‌ನ ಪಟ್ಟಿಯಲ್ಲೇ ಇರಬಹುದು. ಚರ್ಮದ ತಜ್ಞರಿಗೆ ಎಂಬಿಬಿಎಸ್ ಆದಮೇಲೆ ಅದೇ ವಿಷಯದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇರುತ್ತೆ. ಸುಮ್ನೆ 'ಕಾಸ್ಮೆಟಾಲಜಿಸ್ಟ್' ಅಂತಿದ್ದರೆ ನಂಬಬೇಡಿ.

ಗದಗದ ಟೀಚರ್:
ನನಗೂ ಬಂಗು ಇತ್ತು. ಡಾಕ್ಟರು ಮೊದಲು ಕೊಟ್ಟಿದ್ದು ಸನ್‌ಸ್ಕ್ರೀನ್ ಮತ್ತು ಒಂದು ಕ್ರೀಮ್, ಲೇಸರ್ ಅಲ್ಲ. ನಮ್ಮಂಥ ಮೈಬಣ್ಣಕ್ಕೆ ಲೇಸರ್‌ನಿಂದ ಕಲೆ ಇನ್ನೂ ಕಪ್ಪಾಗುವುದೂ ಉಂಟು ಅಂದರು. ಔಷಧಿ ಅಂಗಡಿಯವರು ಕೊಡುವ ಸ್ಟೆರಾಯ್ಡ್ ಕ್ರೀಮಂತೂ ಬೇಡವೇ ಬೇಡ, ಚರ್ಮ ತೆಳುವಾಗುತ್ತೆ. ಮಗಳು ರಜೆಗೆ ಬಂದಾಗ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ತೋರಿಸಿ. ಅವಸರದ ಕಾಯಿಲೆ ಅಲ್ವಲ್ಲ.

ವಿದ್ಯಾನಗರದ ಅಮ್ಮ:
ಇಬ್ಬರಿಗೂ ತುಂಬಾ ಧನ್ಯವಾದ. ಚೀಟಿಯ ಫೋಟೋ ತರಿಸಿಕೊಂಡೆ. ನಂಬರೇ ಇಲ್ಲ! ಬೇಡ ಅಂತ ಹೇಳಿಬಿಟ್ಟೆ.