ಅಪ್‌ಡೇಟ್: ಮೋಟಾರ್‌ಹೋಮ್‌ಗೆ ಸ್ವಯಂಚಾಲಿತ ಲೆವೆಲಿಂಗ್ ಬೇಕೇ?

ಮೈಸೂರಿನ ನಮ್ಮ ಮೋಟಾರ್‌ಹೋಮ್‌ಗೆ (ಮಲಗಲು, ಅಡುಗೆಗೆ ಸೌಕರ್ಯವಿರುವ ಗಾಡಿಗೆ) ಸ್ವಯಂಚಾಲಿತ ಹೈಡ್ರಾಲಿಕ್ ಲೆವೆಲಿಂಗ್, ಅಂದರೆ ನಿಲ್ಲಿಸಿದ ಗಾಡಿಯನ್ನು ಜ್ಯಾಕ್‌ಗಳಿಂದ ತಾನಾಗಿಯೇ ಸಮಮಟ್ಟಕ್ಕೆ ತರುವ ವ್ಯವಸ್ಥೆ, ಹಾಕಿಸಬೇಕೇ ಎಂದು ಕೇಳಿದ್ದೆ. ಸದ್ಯಕ್ಕೆ ಬೇಡವೆಂದು ತೀರ್ಮಾನಿಸಿದ್ದೇವೆ. ಚಕ್ರದಡಿ ರ‍್ಯಾಂಪ್ ಇಟ್ಟು, ಒಳಗಿನ ರಸಮಟ್ಟ ನೋಡುತ್ತಾ ಗಾಡಿಯನ್ನು ನಿಧಾನವಾಗಿ ಹತ್ತಿಸಬೇಕೆಂಬ ಸಲಹೆಯೇ ಕೆಲಸಕ್ಕೆ ಬಂತು. ಇಟ್ಟಿಗೆ ಜೋಡಿಸುವ ಉಪಾಯ ಮಾತ್ರ ಕನ್ನಂಬಾಡಿ ಹಿನ್ನೀರಿನ ಹಸಿ ಮಣ್ಣಿನಲ್ಲಿ ಫಲಿಸಲಿಲ್ಲ; ಅಂಥ ನೆಲದಲ್ಲಿ ಹೈಡ್ರಾಲಿಕ್ ಜ್ಯಾಕ್‌ಗಳ ಪಾದದಡಿಗೂ ಅಗಲವಾದ ಹಲಗೆ ಬೇಕಾಗುತ್ತದೆ.

ಅಚ್ಚರಿ ತಂದದ್ದು ಫ್ರಿಜ್‌ನ ವಿಷಯ. ಅನಿಲದಿಂದ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್‌ನಲ್ಲಿ ಅಮೋನಿಯಾ ದ್ರಾವಣವು ಗುರುತ್ವಾಕರ್ಷಣೆಯಿಂದಲೇ ಹರಿಯುವುದರಿಂದ ಗಾಡಿ ಹೆಚ್ಚುಕಡಿಮೆ ಸಮಮಟ್ಟದಲ್ಲಿರಲೇಬೇಕು. ನಮ್ಮದರಂಥ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಸ್ವಲ್ಪ ವಾಲಿದರೂ ಸಹಿಸುತ್ತದೆ. ಹಾಗಾಗಿ ನಮಗೆ ಉಳಿದದ್ದು ವಾಲಿದ ಹಾಸಿಗೆಯಲ್ಲಿ ನಿದ್ರೆ ಮತ್ತು ಸಿಂಕಿನ ನೀರು ಸರಿಯಾಗಿ ಹರಿದುಹೋಗುವ ಪ್ರಶ್ನೆ ಮಾತ್ರ. ಮಂಡಿನೋವಿರುವವರು ಅಥವಾ ಪ್ರತಿ ರಾತ್ರಿ ಜಾಗ ಬದಲಿಸುವವರು ಖರ್ಚನ್ನೂ ಹೆಚ್ಚುವರಿ ತೂಕವನ್ನೂ ಒಪ್ಪಿ ಸ್ವಯಂಚಾಲಿತ ಲೆವೆಲಿಂಗ್ ಹಾಕಿಸಿಕೊಂಡರೆ ನನ್ನ ಆಕ್ಷೇಪವಿಲ್ಲ.