ಅಟ್ಟದಲ್ಲಿ ಸಿಕ್ಕ ತಾತನ ಕೋವಿ ಮದ್ದು: ಕೈಲ್‌ಪೊಳ್ದ್‌ಗೆ ಬಳಸಬಹುದಾ?

ಐನ್‌ಮನೆ ಹುಡುಗ, ವಿರಾಜಪೇಟೆ ಕಡೆ:
ಮಳೆ ಎರಡು ದಿನ ಬಿಡುವು ಕೊಟ್ಟಿತ್ತು ಅಂತ ನಮ್ಮ ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆ ಅಟ್ಟ ಗುಡಿಸೋಕೆ ಹತ್ತಿದ್ವಿ. ಹಳೇ ಕಾಫಿ ಚೀಲಗಳ ಹಿಂದೆ ಒಂದು ತಗಡಿನ ಡಬ್ಬ ಸಿಕ್ಕಿತು, ಮುಚ್ಚಳಕ್ಕೆ ಮೇಣ ಮೆತ್ತಿದೆ. ಒಳಗೆ ಮುಕ್ಕಾಲು ಭಾಗ ಕರಿ ಮದ್ದು. ತಾತ ತೀರಿಕೊಂಡು 31 ವರ್ಷ ಆಯ್ತು, ಆಮೇಲೆ ಅದನ್ನ ಯಾರೂ ಮುಟ್ಟಿಲ್ಲ. ಮೇಲಿನ ಕಾಳು ಸಾಸಿವೆ ಥರ ಉದುರುದುರಾಗಿ ಹೊಳೀತಿದೆ. ಒಂದು ಪಕ್ಕದಲ್ಲಿ ಮಾತ್ರ ಅಡಿಕೆ ಗಾತ್ರದ ಗಂಟು ಕಟ್ಟಿ, ಮೇಲೆ ಬಿಳಿ ಬೂಷ್ಟಿನಂಥದ್ದು ಕೂತಿದೆ.

ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್. ತಾತನ ಕೇಪಿನ ಕೋವಿಗೆ (ಬಾಯಿಂದ ಮದ್ದು ತುಂಬಿ, ಕೇಪು ಅನ್ನೋ ಪುಟ್ಟ ಸಿಡಿಬಿಲ್ಲೆಯಿಂದ ಹೊತ್ತಿಸೋದು) ತೋಕ್ ಪೂ, ಅಂದ್ರೆ ಕೋವಿ ಹೂ, ಮುಡಿಸಿ, ಅವರದ್ದೇ ಮದ್ದು ಹಾಕಿ ತೆಂಗಿನಕಾಯಿಗೆ ಒಂದು ಈಡು ಹೊಡೀಬೇಕು ಅನ್ನೋದು ದೊಡ್ಡಪ್ಪನ ಆಸೆ. "ಮದ್ದಿಗೆ ವಯಸ್ಸಿಲ್ಲ, ಒಂದು ಬಿಸಿಲು ಕಾಣಿಸಿದ್ರೆ ಸಾಕು" ಅಂತಾರೆ. ಅಪ್ಪ ಬೇಡವೇ ಬೇಡ ಅಂತಿದ್ದಾರೆ. ಮನೇಲಿ ಇದೇ ಮಾತು. ತಿಳಿದವರು ಹೇಳಿ.

ಹೊಸನಗರದ ಕೃಷಿಕ:
ನಿಮ್ಮ ದೊಡ್ಡಪ್ಪ ಹೇಳಿದ್ದು ಸರಿ. ಕರಿ ಮದ್ದು ಹಾಲಲ್ಲ, ಹಳಸೋಕೆ. ನಮ್ಮೂರ ಹತ್ತಿರ ನಗರ ಅನ್ನೋ ಊರಲ್ಲಿ 2018ರ ಜುಲೈನಲ್ಲಿ ಹಾಳು ಬಾವಿ ಅಗೆದಾಗ ಟಿಪ್ಪು ಕಾಲದ್ದು ಅಂತ ಹೇಳೋ ಸಾವಿರಕ್ಕೂ ಮೇಲ್ಪಟ್ಟು ಕಬ್ಬಿಣದ ರಾಕೆಟ್ ಸಿಕ್ಕಿದ್ವಲ್ಲ, ಅಲ್ಲಿ ಅಗೆಯೋದಕ್ಕೆ ಕಾರಣವಾಗಿದ್ದೇ ಮಣ್ಣಿನಿಂದ ಬರ್ತಿದ್ದ ಮದ್ದಿನ ವಾಸನೆ. ಇನ್ನೂರು ವರ್ಷ ದಾಟಿದ ಮದ್ದೇ ಹಾಗಿದ್ರೆ ಮೂವತ್ತು ವರ್ಷದ್ದು ಯಾವ ಲೆಕ್ಕ? ನಮ್ಮಪ್ಪ ಹದಿನೈದು ಇಪ್ಪತ್ತು ವರ್ಷದ ಮದ್ದು ಹಾಕಿ ಗದ್ದೆಗೆ ಬಂದ ಹಂದಿ ಬೆದರಿಸ್ತಿದ್ರು. ಸ್ವಲ್ಪ ಶಕ್ತಿ ಕುಂದಿದ್ರೆ ಅಳತೆ ಅರ್ಧ ಜಾಸ್ತಿ ಹಾಕಿದ್ರಾಯ್ತು.

ರಸಾಯನ ಮೇಷ್ಟ್ರು:
ಕೃಷಿಕರೇ, ನಿಮ್ಮ ಮೊದಲನೇ ಮಾತು ಒಪ್ಪಿದೆ. ಕೊನೇ ಮಾತನ್ನ ದಯವಿಟ್ಟು ಯಾರೂ ಮನೆಗೆ ತಗೊಂಡು ಹೋಗಬೇಡಿ.

ಕರಿ ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಉಳಿದದ್ದು ಇದ್ದಿಲು ಮತ್ತು ಗಂಧಕ. ಮೂರೂ ತಮ್ಮಷ್ಟಕ್ಕೆ ಕೊಳೆಯೋ ವಸ್ತುಗಳಲ್ಲ. ತೋಟೆಯಲ್ಲಿ (ಕಾರ್ಟ್ರಿಡ್ಜ್) ಇರೋ ಹೊಗೆಯಿಲ್ಲದ ಪುಡಿ ಹಾಗಲ್ಲ. ಅದು ವರ್ಷ ಕಳೆದಂತೆ ಒಳಗೊಳಗೇ ಒಡೆದು ಹುಳಿ ವಾಸನೆ ಬಿಡುತ್ತೆ. ಕರಿ ಮದ್ದಿಗೆ ಶತ್ರು ವಯಸ್ಸಲ್ಲ, ನೀರು.

ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳನ್ನ ನೋಡಿರ್ತೀರಿ, ಹೊಂಡದೊಳಗೆ ಆಳೆತ್ತರದ ಚಕ್ರಗಳು. ಅಷ್ಟು ದೊಡ್ಡ ಕಲ್ಲು ಯಾಕೆ ಬೇಕಿತ್ತು? ಮೂರನ್ನೂ ಬರೀ ಕಲಸಿದ್ರೆ ಸಾಲದು, ಪೆಟ್ಲುಪ್ಪು ಇದ್ದಿಲಿನ ಕಣಕಣಕ್ಕೂ ಅಂಟಬೇಕು. ಕೋವಿ ಮದ್ದಿನ ಗುಣ ಇರೋದೇ ಆ ಅಂಟಿನಲ್ಲಿ. ಈಗ ನಿಮ್ಮ ಡಬ್ಬಕ್ಕೆ ತೇವ ಹೋಯ್ತು ಅಂದುಕೊಳ್ಳಿ. 20 ಡಿಗ್ರಿಯ 100 ಗ್ರಾಂ ನೀರು ಸುಮಾರು 31 ಗ್ರಾಂ ಪೆಟ್ಲುಪ್ಪು ಕರಗಿಸಿಕೊಳ್ಳುತ್ತೆ, ಇದ್ದಿಲು ಗಂಧಕ ಎರಡೂ ಕರಗಲ್ಲ. ಮಳೆಗಾಲದಲ್ಲಿ ತೇವ ಕುಡಿದು ಬೇಸಿಗೆಯಲ್ಲಿ ಆರಿದಾಗ ಕರಗಿದ ಉಪ್ಪು ಕಾಳಿನ ಹೊರಗೆ ಬಂದು ಹರಳುಗಟ್ಟುತ್ತೆ. ನೀವು ಕಂಡ ಬಿಳಿ ಬೂಷ್ಟು ಅದೇ. ಬಿಸಿಲಿಗೆ ಹಾಕಿದ್ರೆ ನೀರು ಹೋಗುತ್ತೆ, ಉಪ್ಪು ತನ್ನ ಜಾಗಕ್ಕೆ ವಾಪಸ್ ಹೋಗಲ್ಲ. ಗಂಟು ಒಡೆದ್ರೆ ಪುಡಿಪುಡಿ ಆಗುತ್ತೆ. ಒಂದು ಹಿಡಿ ಮಂದವಾಗಿ ಉರಿಯುತ್ತೆ, ಪಕ್ಕದ ಹಿಡಿಯ ನುಣ್ಣನೆ ಪುಡಿ ಭರ್ ಅಂತ ಹತ್ತುತ್ತೆ. ಒಂದೇ ಡಬ್ಬದಲ್ಲಿ ಎರಡು ಮೂರು ಗುಣದ ಮದ್ದು ಆಯ್ತು. ಅದರ ಮೇಲೆ ಅಳತೆ ಅರ್ಧ ಜಾಸ್ತಿ ಅಂದ್ರೆ ಕಣ್ಣು ಮುಚ್ಚಿಕೊಂಡು ಹಳ್ಳ ದಾಟಿದ ಹಾಗೆ.

ಪೆನ್ಸಿಲ್ವೇನಿಯಾ ಕನ್ನಡಿಗ:
ಇಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕಲ್ಲಿನ ಕೋವಿಗೆ ಅಂತಲೇ ಜಿಂಕೆ ಸೀಸನ್ ಇದೆ, ಹನ್ನೊಂದು ವರ್ಷದಿಂದ ಹೋಗ್ತಿದ್ದೀನಿ. 2021ರಲ್ಲಿ ಲೂಸಿಯಾನಾದ ಗೋಯೆಕ್ಸ್ ಮದ್ದಿನ ಕಾರ್ಖಾನೆ ಮುಚ್ಚುತ್ತೆ ಅಂತ ಸುದ್ದಿ ಬಂತು. ಮುಂದಿನ ವರ್ಷ ಆಟದ ರಾಕೆಟ್ ಮಾಡೋ ಎಸ್ಟೆಸ್ ಕಂಪನಿಯವರು ಕೊಂಡುಕೊಂಡ್ರು. ಆದ್ರೆ ನಡುವೆ ಮದ್ದಿಗೆ ಎಷ್ಟು ಬರ ಬಂತು ಅಂದ್ರೆ ಎಲ್ಲರೂ ಹಳೇ ಡಬ್ಬಗಳನ್ನ ಹುಡುಕಿ ತೆಗೆದ್ರು. ನಾನೂ ನಲವತ್ತು ವರ್ಷದ ಡಬ್ಬ ಒಡೆದೆ. ಕಾಳು ಬಿಡಿಬಿಡಿ, ಹೊಳಪು ಹಾಗೇ ಇತ್ತು. ಹೊಸದಕ್ಕೂ ಅದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಎರಡೂ ಡಬ್ಬ ಒಂದೇ ಅಲ್ಲ. ನನ್ನದು ಕಾರ್ಖಾನೆಯ ಮುದ್ರೆ ಒಡೆಯದ ಡಬ್ಬ, ಕಾಳಿನ ಗಾತ್ರ ಮೇಲೇ ಅಚ್ಚಾಗಿತ್ತು. ಹುಡುಗ, ನಿನ್ನ ಡಬ್ಬದ ಮೇಲೆ ಏನಾದ್ರೂ ಬರೆದಿದೆಯಾ?

ಐನ್‌ಮನೆ ಹುಡುಗ:
ಇಲ್ಲಣ್ಣ. ಅದು ಬಿಸ್ಕತ್ತಿನ ಡಬ್ಬ. ಮೇಣ ಮೆತ್ತಿದ್ದು ತಾತನೇ ಇರಬೇಕು.

ಮೂಡಿಗೆರೆ ಅಕ್ಕ:
ಡಬ್ಬದ ಮೇಲೆ ಹೆಸರಿಲ್ಲ ಅಂದ್ಮೇಲೆ ಚರ್ಚೆ ಅಲ್ಲಿಗೇ ನಿಲ್ಲಬೇಕು ಅನ್ನಿಸುತ್ತೆ. ಯಾಕೆ ಅಂತ ಹೇಳ್ತೀನಿ. ನಾನು ಎಂಟನೇ ಕ್ಲಾಸಲ್ಲಿದ್ದಾಗ ನಮ್ಮ ದೊಡ್ಡಣ್ಣ ಇಂಥದ್ದೇ ಡಬ್ಬದಿಂದ ಕೇಪಿನ ಕೋವಿಗೆ ಮದ್ದು ತುಂಬಿದ. ಕಪ್ಪಗಿತ್ತು, ಕಾಳು ಕಾಳಾಗಿತ್ತು, ಕೋವಿ ಮದ್ದು ಅಂತಲೇ ಎಲ್ಲರ ನಂಬಿಕೆ. ಹಿಂದೆ ಯಾವಾಗಲೋ ಯಾರೋ ತೋಟೆ ಬಿಚ್ಚಿ ತೆಗೆದ ಪುಡಿಯನ್ನ ಅದರಲ್ಲಿ ಸುರಿದಿಟ್ಟಿದ್ರು ಅಂತ ಗೊತ್ತಾಗಿದ್ದು ಆಮೇಲೆ. ನಳಿಗೆ ಬುಡದ ಹತ್ತಿರ ಬಾಳೆ ಎಲೆ ಸೀಳಿದ ಹಾಗೆ ಬಿಚ್ಚಿಕೊಂಡಿತು. ಎಡಗೈಯ ಎರಡು ಬೆರಳು ಹೋಯ್ತು. ಅಮ್ಮ ಅಂಗಳಕ್ಕೆ ಓಡಿದಾಗ ಅಣ್ಣ ನಿಂತೇ ಇದ್ದ, ಕೈ ಕಡೆ ನೋಡ್ತಾ. ಆ ಸದ್ದು ಯಾವಾಗಲೂ ಕೇಳೋ ಕೋವಿ ಸದ್ದಾಗಿರಲಿಲ್ಲ, ತಗಡು ಹರಿದ ಹಾಗೆ ಕಿರ್ ಅಂದಿತ್ತು. ಇವತ್ತಿಗೂ ಅವನು ಅಡಿಕೆ ಸುಲಿಯೋದು ಬಲಗೈಯಲ್ಲಿ ಮಾತ್ರ.

ಪೆನ್ಸಿಲ್ವೇನಿಯಾ ಕನ್ನಡಿಗ:
ಅಕ್ಕ, ಓದಿ ಸಂಕಟ ಆಯ್ತು. ನೀವು ಹೇಳಿದ್ದೇ ಇಲ್ಲಿಯೂ ಮೊದಲ ಪಾಠ. ಬಾಯಿಂದ ತುಂಬೋ ಕೋವಿಗೆ ತೋಟೆ ಪುಡಿ ಹಾಕಿದ್ರೆ ಆ ಒತ್ತಡ ನಳಿಗೆ ತಡೆಯಲ್ಲ.

ಹೊಸನಗರದ ಕೃಷಿಕ:
ಅಕ್ಕ ಹೇಳಿದ ಮೇಲೆ ಅಳತೆ ಜಾಸ್ತಿ ಹಾಕಿ ಅಂದ ಮಾತು ವಾಪಸ್ ತಗೋತೀನಿ, ತಪ್ಪಾಯ್ತು. ಆದ್ರೆ ಪತ್ತೆ ಮಾಡೋಕೆ ದಾರಿ ಇದೆಯಲ್ಲ? ಒಂದು ಚಿಟಿಕೆ ಬಯಲಲ್ಲಿ ಕಲ್ಲಿನ ಮೇಲಿಟ್ಟು ದೂರದಿಂದ ಉರಿಸಿ ನೋಡಿದ್ರೆ ಕರಿ ಮದ್ದು ಭುಸ್ ಅಂತ ಬಿಳಿ ಹೊಗೆ ಎಬ್ಬಿಸಿ, ಕೊಳೆತ ಮೊಟ್ಟೆ ವಾಸನೆ ಬಿಟ್ಟು, ಕಲ್ಲಿನ ಮೇಲೆ ಕಲೆ ಉಳಿಸುತ್ತೆ. ತೋಟೆ ಪುಡಿ ಹೊಗೆಯಿಲ್ಲದೆ ಹಳದಿ ಉರಿ ಬಿಟ್ಟು ನಿಧಾನ ಉರಿಯುತ್ತೆ.

ರಸಾಯನ ಮೇಷ್ಟ್ರು:
ಆ ಚಿಟಿಕೆ ಹೇಳೋದು ಆ ಚಿಟಿಕೆಯ ವಿಷಯ ಮಾತ್ರ. ಡಬ್ಬದ ತಳದಲ್ಲಿ ಬೇರೆ ಯಾವ ಪುಡಿ ಬೆರೆತಿದೆ ಅಂತ ಅದು ಹೇಳಲ್ಲ. ಬಯಲಲ್ಲಿ ಉರಿಯೋದೇ ಬೇರೆ, ಮುಚ್ಚಿದ ನಳಿಗೆಯಲ್ಲಿ ಉರಿಯೋದೇ ಬೇರೆ. ಇನ್ನೊಂದು ಭಯ ಅಂದ್ರೆ ಕೆಲವರು ಪಟಾಕಿ ಬಿಚ್ಚಿ ಮನೆಯಲ್ಲೇ ಮದ್ದು ಮಾಡ್ತಿದ್ರು. ಅದರಲ್ಲಿ ಕ್ಲೋರೇಟ್ ಅನ್ನೋ ಉಪ್ಪು ಇದ್ರೆ, ಗಂಧಕದ ಜತೆ ಅದು ಬರೀ ತಿಕ್ಕಾಟಕ್ಕೇ ಹತ್ತಿಕೊಳ್ಳಬಹುದು. ಆದ್ದರಿಂದ ಹುಡುಗ, ಆ ಗಂಟನ್ನ ಒಡೆಯೋಕೆ ಹೋಗಬೇಡ. ಚಮಚ ಹಾಕಿ ಕೆದಕಬೇಡ, ಡಬ್ಬ ಅಲ್ಲಾಡಿಸಬೇಡ.

ನಿವೃತ್ತ ಸುಬೇದಾರ್, ಕೋವಿ ದುರಸ್ತಿ ವಿಭಾಗ:
ಇಪ್ಪತ್ನಾಲ್ಕು ವರ್ಷ ಆಯುಧ ಬಿಚ್ಚಿ ಜೋಡಿಸಿದ್ದೇ ನನ್ನ ಕೆಲಸ. ನಿರ್ಜೀವ ಮದ್ದಿನಿಂದ ಇನ್ನೊಂದು ಅಪಾಯ ಇದೆ. ಕೇಪು ಟಪ್ ಅನ್ನುತ್ತೆ, ಈಡು ಹಾರಲ್ಲ. ಏನಾಯ್ತು ಅಂತ ನಳಿಗೆ ಬಗ್ಗಿಸಿ ನೋಡೋ ಹೊತ್ತಿಗೆ ಒಳಗೊಳಗೇ ಹೊಗೆಯಾಡ್ತಿದ್ದ ಕಿಡಿ ಮದ್ದಿಗೆ ತಲುಪುತ್ತೆ. ಹಾಗಾದಾಗ ಕಮ್ಮಿ ಅಂದ್ರೂ ಎರಡು ನಿಮಿಷ ನಳಿಗೆ ಗುರಿಯ ಕಡೆಗೇ ಇರಬೇಕು. ಹಬ್ಬದ ದಿನ ಸುತ್ತ ಮಕ್ಕಳು ಮರಿ ತುಂಬಿರ್ತಾರೆ, ಯಾರು ಕಾಯ್ತಾರೆ?

ಎಲ್ಲರೂ ಡಬ್ಬದ ಬಗ್ಗೆ ಮಾತಾಡ್ತಿದ್ದೀರಿ. ಮಗಾ, ಗೋಡೇಲಿರೋ ಕೋವಿಯ ಒಳಗೆ ನೋಡಿದ್ಯಾ? ಮೊದಲು ಮೊಳೆ ಮೇಲೆ ಕೇಪು ಕೂತಿದೆಯಾ ನೋಡು. ಇದ್ರೆ ಏನೂ ಮುಟ್ಟದೆ ನನಗೆ ತಿಳಿಸು. ಇಲ್ಲ ಅಂದ್ರೆ, ಬಾಯಿ ನಿನ್ನ ಕಡೆ ಬರದ ಹಾಗೆ ಹಿಡಿದು, ಮದ್ದು ಜಡಿಯೋ ಗಜವನ್ನ ಮೆಲ್ಲಗೆ ಒಳಗೆ ಇಳಿಸು. ಕುಟ್ಟಬೇಡ. ನಳಿಗೆ ಬಾಯಿಗೆ ಸರಿಯಾಗಿ ಗಜದ ಮೇಲೆ ಉಗುರಲ್ಲಿ ಗುರುತು ಹಾಕು. ಆಮೇಲೆ ಹೊರಗೆ ನಳಿಗೆ ಪಕ್ಕದಲ್ಲಿಟ್ಟು ಅಳೆ. ಗಜದ ತುದಿ ಕೇಪು ಕೂರೋ ತೂತಿನ ನೇರಕ್ಕೆ ಬಂದ್ರೆ ಖಾಲಿ.

ಐನ್‌ಮನೆ ಹುಡುಗ:
ಕೇಪು ಇರಲಿಲ್ಲ ಸರ್. ಗಜ ಇಳಿಸಿದೆ. ತೂತಿನ ನೇರಕ್ಕೆ ಬರಲಿಲ್ಲ, ನಾಲ್ಕು ಬೆರಳು ಹಿಂದೆಯೇ ನಿಂತಿತು. ಎರಡು ಸಲ ಅಳೆದೆ. ಚಿಕ್ಕವನಾಗಿದ್ದಾಗ ಇದೇ ಕೋವಿ ಹಿಡ್ಕೊಂಡು ನಾವು ಆಟ ಆಡಿದ್ದೀವಿ.

ನಿವೃತ್ತ ಸುಬೇದಾರ್:
ತುಂಬಿದ ಕೋವಿ ಅದು. ಹಾರಿಸಿ ಖಾಲಿ ಮಾಡ್ತೀನಿ ಅಂತ ಮನೇಲಿ ಯಾರಾದ್ರೂ ಅಂದ್ರೆ ಒಪ್ಪಬೇಡ. ಎಷ್ಟು ಮದ್ದು, ಎಷ್ಟು ಚರೆ ಇದೆ ಗೊತ್ತಿಲ್ಲ, ನಳಿಗೆ ಒಳಗೆ ಎಷ್ಟು ತುಕ್ಕು ತಿಂದಿದೆ ಅದೂ ಗೊತ್ತಿಲ್ಲ. ಒಬ್ಬ ಪರವಾನಗಿ ಇರೋ ಕೋವಿ ರಿಪೇರಿಯವರಿಗೆ ಮೊದಲು ಫೋನ್ ಮಾಡಿ, ತುಂಬಿದೆ ಅಂತ ಹೇಳಿ, ಅವರು ಹೇಳಿದ ಹಾಗೆ ಮಾಡು.

ಪೆನ್ಸಿಲ್ವೇನಿಯಾ ಕನ್ನಡಿಗ:
ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಇದೇ ಆಗಿತ್ತು. 1780ರಲ್ಲಿ ಮುಳುಗಿದ ಹಸಾರ್ ಅನ್ನೋ ಬ್ರಿಟಿಷ್ ಹಡಗಿನ ಫಿರಂಗಿ ಅದು. 2013ರ ಜನವರಿಯಲ್ಲಿ ತುಕ್ಕು ತೆಗೆಯೋಕೆ ಹೋದವರಿಗೆ ಒಳಗೆ ಗುಂಡೂ, ಸುಮಾರು 800 ಗ್ರಾಂ ಮದ್ದೂ ಸಿಕ್ಕಿತು. ಅದಕ್ಕೂ ಐದು ವರ್ಷ ಮೊದಲು, 2008ರಲ್ಲಿ, ವರ್ಜೀನಿಯಾದಲ್ಲಿ ಹಳೇ ಯುದ್ಧದ ವಸ್ತು ಸಂಗ್ರಹಿಸ್ತಿದ್ದ ಒಬ್ಬರು ತಮ್ಮ ಮನೆ ಅಂಗಳದಲ್ಲಿ 1860ರ ದಶಕದ ಫಿರಂಗಿ ಗುಂಡು ಶುಚಿ ಮಾಡ್ತಿದ್ದಾಗ ಅದು ಸಿಡಿದು ತೀರಿಕೊಂಡ್ರು. ಒಳಗಿದ್ದಿದ್ದು ಇದೇ ಕರಿ ಮದ್ದು. ಅನುಭವ ಇಲ್ಲದವರೇನಲ್ಲ ಅವರು.

ಹೊಸನಗರದ ಕೃಷಿಕ:
ಕೋವಿ ವಿಷಯದಲ್ಲಿ ಸುಬೇದಾರ್ ಮಾತೇ ಮಾತು. ಡಬ್ಬವನ್ನ ಬಕೆಟ್ ನೀರಿಗೆ ಸುರಿದು ತೋಟಕ್ಕೆ ಹಾಕಿಬಿಡಿ, ಪೆಟ್ಲುಪ್ಪು ಗೊಬ್ಬರವೂ ಆಗುತ್ತೆ.

ರಸಾಯನ ಮೇಷ್ಟ್ರು:
ನೀರು ಅದರ ಶಕ್ತಿ ಕಿತ್ತುಕೊಳ್ಳೋದು ನಿಜ. ಆದ್ರೆ ಆ ನೀರು ಸಿಕ್ಕ ಕಡೆ ದನ ಕುಡಿದ್ರೆ ನೈಟ್ರೇಟ್ ವಿಷ ಏರಿ ಸಾಯಬಹುದು. ಅರೆಬರೆ ನೆನೆದದ್ದು ಆರಿದ ಮೇಲೆ ಮತ್ತೆ ಉರಿಯಲೂಬಹುದು. ಹೆಸರಿಲ್ಲದ ಡಬ್ಬ ಇದು, ಠಾಣೆಗೆ ತಿಳಿಸೋದೇ ಮೇಲು. ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಭೂಮಿ (ವಂಶದಿಂದ ಬಂದ ಹಿಡುವಳಿ) ಇರೋರಿಗೂ ಕೋವಿ ಪರವಾನಗಿಯಿಂದ ಇರೋ ವಿನಾಯಿತಿ 2029ರವರೆಗೆ ಇದೆ, 2021ರಲ್ಲಿ ಹೈಕೋರ್ಟೂ ಅದನ್ನ ಎತ್ತಿ ಹಿಡಿದಿದೆ. ತಿಳಿಸೋಕೆ ಹೆದರಬೇಕಾಗಿಲ್ಲ.

ಐನ್‌ಮನೆ ಹುಡುಗ:
ಎಲ್ಲರಿಗೂ ಹೇಳಬೇಕು ಅಂತ ಬಂದೆ. ಠಾಣೆಯವರು ಬಂದು ಡಬ್ಬ ತಗೊಂಡು ಹೋದ್ರು. ಕೋವಿಯನ್ನ ರಿಪೇರಿಯವರು ಮೂರು ದಿನ ನೆನೆಹಾಕಿ, ತಿರುಪಿನ ಗಜದಲ್ಲಿ ಎಳೆದು ತೆಗೆದ್ರು. ನಾನೂ ದೊಡ್ಡಪ್ಪನೂ ಹೊರಗೆ ಕೂತಿದ್ವಿ. ಮೊದಲು ಕತ್ತದ ಉಂಡೆ ಬಂತು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿದ ಚರೆ, ಮತ್ತೆ ಕತ್ತ, ಕೊನೆಗೆ ಇದ್ದಿಲಿನ ಕೆಸರು. ಎರಡು ಈಡಿನಷ್ಟು ಮದ್ದು ಒಂದರ ಮೇಲೊಂದು ಇತ್ತಂತೆ. ಮೊದಲನೆಯದು ಹಾರದೆ ಉಳಿದು, ಅದರ ಮೇಲೆ ಯಾರೋ ಮತ್ತೆ ತುಂಬಿದ್ದಿರಬೇಕು. ನಳಿಗೆ ಬುಡದಲ್ಲಿ ತುಕ್ಕು ತಿಂದ ಗುಳಿ ಇದೆ, ಇನ್ನು ಹಾರಿಸೋ ಹಾಗಿಲ್ಲ ಅಂದ್ರು.

ದೊಡ್ಡಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆ ಕತ್ತದ ಉಂಡೆಯನ್ನ ಅಂಗೈಯಲ್ಲಿ ಇಟ್ಕೊಂಡು, "ಇದು ಅಪ್ಪ ಸುತ್ತಿದ್ದು" ಅಂದ್ರು. ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕ್ಕೊಂಡ್ರು. ಕೈಲ್‌ಪೊಳ್ದ್‌ಗೆ ಕೋವಿಗೆ ಗಂಧ ಹಚ್ಚಿ ತೋಕ್ ಪೂ ಮುಡಿಸ್ತೀವಿ. ತೆಂಗಿನಕಾಯಿಗೆ ಅಪ್ಪನ ತೋಟೆ ಕೋವಿ ಇದೆ.

ಮೂಡಿಗೆರೆ ಅಕ್ಕ:
ಅಣ್ಣನಿಗೆ ಓದಿ ಹೇಳಿದೆ. ಹುಡುಗನ ಬೆರಳು ಹತ್ತೂ ಇದೆಯಾ ಕೇಳು ಅಂದ.

ಐನ್‌ಮನೆ ಹುಡುಗ:
ಇದೆ ಅಕ್ಕ. ಹತ್ತೂ ಇದೆ.