ಗಿಡಕ್ಕೆ ಕರಣೆ ಹಿಡಿಯಬಹುದಾ? ಕೈತೋಟದ ಸಲಕರಣೆಗಳ ಕೆಲವು ಪದಗಳು

ಗೆಳೆಯರೇ,

ಕೈತೋಟ ಹೊಸದಾಗಿ ಶುರು ಮಾಡುವವರಿಗೆ ಅಂತ ಒಂದು ನಾಲ್ಕು ಪುಟದ ಬರಹ ಮಾಡುತ್ತಿದ್ದೇನೆ. ಯಾವ ಸಲಕರಣೆ ಬೇಕು, ಯಾವುದು ಬೇಡ, ತಂದ ಮೇಲೆ ಹೇಗೆ ನೋಡಿಕೊಳ್ಳಬೇಕು, ಇಷ್ಟೇ ವಿಷಯ. ಒಂದು ವಾರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಪದಗಳ ಹತ್ತಿರ ಸಿಕ್ಕಿಕೊಂಡು ತಿಂಗಳಾಯಿತು.

ಎಲ್ಲ ಶುರುವಾದದ್ದು ಟ್ರೋವೆಲ್‌ನಿಂದ. ಕುಂಡದ ಮಣ್ಣು ತೆಗೆಯಲು, ಸಸಿ ನೆಡಲು ಬಳಸುವ ಪುಟ್ಟ ಸಲಕರಣೆ ಇದೆಯಲ್ಲ, ಅದು. ನಿಘಂಟು ತೆಗೆದೆ, ‘ಕರಣೆ’ ಅಂತಿತ್ತು. ಹಾಗೇ ಬರೆದೆ. ಮನೆಯ ಗೋಡೆ ರಿಪೇರಿಗೆ ಬಂದಿದ್ದ ಗಾರೆ ಕೆಲಸದವರು ಮೇಜಿನ ಮೇಲಿದ್ದ ಹಾಳೆ ಓದಿ, ‘ಏನ್ ಸಾರ್, ಕರಣೇಲಿ ಗಿಡ ನೆಡ್ತೀರಾ? ಹಂಗೇ ಒಂಚೂರು ಸಿಮೆಂಟೂ ಹಾಕ್ಬಿಡಿ, ಗಟ್ಟಿಯಾಗಿ ನಿಲ್ಲುತ್ತೆ’ ಅಂದರು. (‘ಸಲಕರಣೆ’ಯೊಳಗೇ ಒಂದು ‘ಕರಣೆ’ ಇದೆ ಅನ್ನೋ ಜೋಕು ಬೇಡ. ಅದನ್ನು ನಾನೇ ಮಾಡಿ, ಯಾರೂ ನಗದೆ ಸುಮ್ಮನಾಗಿದ್ದೇನೆ.)

ಆಮೇಲೆ ಅವರ ಕರಣೆಯನ್ನೂ ನನ್ನ ಟ್ರೋವೆಲನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಕರಣೆಯ ಅಲಗು ಚಪ್ಪಟೆ. ಹಿಡಿ ಅಲಗಿಗಿಂತ ಒಂದು ಮೆಟ್ಟಿಲು ಮೇಲಿರುತ್ತದೆ, ಗಾರೆ ಎಳೆಯುವಾಗ ಬೆರಳು ಗೋಡೆಗೆ ತಾಕಬಾರದಲ್ಲ, ಅದಕ್ಕೆ. ನನ್ನದರ ಅಲಗು ದೋಣಿಯ ಹಾಗೆ ಗುಳಿಬಿದ್ದಿದೆ. ಹಿಡಿ ಹೆಚ್ಚು ಕಡಿಮೆ ಅಲಗಿನ ಸಾಲಿನಲ್ಲೇ ಇದೆ, ಯಾಕೆಂದರೆ ಕೈಯ ಬಲ ನೇರವಾಗಿ ಮಣ್ಣಿಗೆ ಹೋಗಬೇಕು. ಒಂದು ಸವರುತ್ತದೆ, ಇನ್ನೊಂದು ಗೋರುತ್ತದೆ. ಇಂಗ್ಲಿಷಿನವರು ಎರಡಕ್ಕೂ ಟ್ರೋವೆಲ್ ಅಂದುಕೊಂಡು ಆರಾಮಾಗಿದ್ದಾರೆ. ಆ ಪದದ ಬೇರು ಲ್ಯಾಟಿನ್ನಿನ ‘ತ್ರುಲ್ಲಾ’, ಅಂದರೆ ಸಣ್ಣ ಸೌಟು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ತೋಟದ್ದು ಸೌಟು, ಗಾರೆಯದ್ದು ಸಟ್ಟುಗ. ನಾವು ಇವೆರಡನ್ನು ಒಂದೇ ಹೆಸರಿನಿಂದ ಯಾವತ್ತೂ ಕರೆದಿಲ್ಲ, ಅಲ್ವಾ?

ಹಾಗಾದರೆ ಏನನ್ನಬೇಕು? ‘ಕೈಸಲಿಕೆ’ ಅಂತ ಕೆಲವರು ಬರೆಯುತ್ತಾರೆ, ‘ಕೈಗುದ್ದಲಿ’ ಅಂತ ಕೆಲವರು. ನನ್ನ ಮಟ್ಟಿಗೆ ಎರಡನೆಯದು ತಪ್ಪು. ಗುದ್ದಲಿಯನ್ನು ಎತ್ತಿ ಹಾಕಿ, ಮಣ್ಣನ್ನು ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ. ಅದರ ಅಲಗು ಕಾವಿಗೆ, ಅಂದರೆ ಹಿಡಿಯುವ ಉದ್ದನೆಯ ಮರಕ್ಕೆ, ಅಡ್ಡ. ಸಲಿಕೆಯನ್ನು ಮಣ್ಣಿನೊಳಗೆ ನೂಕಿ, ತುಂಬಿ ಎತ್ತುತ್ತೇವೆ. ಅದರ ಅಲಗು ಕಾವಿನ ನೇರಕ್ಕೆ. ಟ್ರೋವೆಲ್ ಎರಡನೆಯ ಜಾತಿಗೆ ಸೇರಿದ್ದು. ಕೈಗುದ್ದಲಿ ಅನ್ನುವ ಹೆಸರನ್ನು ಗಿಡ್ಡ ಕಾವಿನ, ಅಡ್ಡ ಅಲಗಿನ ಕಳೆ ತೆಗೆಯುವ ಗುದ್ದಲಿಗೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಓದಿದವರು ಅಂಗಡಿಗೆ ಹೋಗಿ ಒಂದನ್ನು ಕೇಳಿ ಇನ್ನೊಂದನ್ನು ತರುತ್ತಾರೆ.

ಆದರೆ ‘ಸಲಿಕೆ’ಯೂ ಪೂರ್ತಿ ಭದ್ರವಲ್ಲ. ಸಲಕೆ, ಸನಿಕೆ ಅಂತೆಲ್ಲ ಹೇಳುವವರಲ್ಲಿ ಕೆಲವರು ತೋರಿಸುವುದು ಅಡ್ಡ ಅಲಗಿನದ್ದನ್ನೇ. ಹಾರೆಯ ಕತೆ ಇನ್ನೂ ಮಜಾ. ನನ್ನ ಬಾಯಲ್ಲಿ ಹಾರೆ ಅಂದರೆ ಕಲ್ಲು ಮೀಟುವ ಉದ್ದನೆಯ ಕಬ್ಬಿಣದ ಸಲಾಕೆ. ಕರಾವಳಿಯ ಕಡೆಯ ಗೆಳೆಯರೊಬ್ಬರಿಗೆ ‘ಹಾರೆ ತನ್ನಿ’ ಅಂದೆ, ಗುದ್ದಲಿ ತಂದುಕೊಟ್ಟರು. ತಮಿಳಿನ ‘ಪಾರೈ’ ನೋಡಿದರೆ ಸಲಾಕೆಯ ಅರ್ಥವೇ ಹಳೆಯದು ಅನಿಸುತ್ತದೆ. ಪ ಹೋಗಿ ಹ ಬಂದದ್ದು ನಮ್ಮ ಭಾಷೆಯ ಮಾಮೂಲಿ ದಾರಿ: ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು. ಅರ್ಥ ಎಲ್ಲಿ, ಯಾವಾಗ ಹೊರಳಿತು ಅನ್ನುವುದನ್ನು ಬಲ್ಲವರು ಹೇಳಿ.

ಟ್ರೋವೆಲ್‌ಗೆ ನನ್ನದೇ ಒಂದು ಪದ ಹೊಳೆದಿತ್ತು: ‘ಗೋರಣಿಗೆ’. ಬಾಚುವುದು ಬಾಚಣಿಗೆ, ಬೀಸುವುದು ಬೀಸಣಿಗೆ, ಗೋರುವುದು ಗೋರಣಿಗೆ. ಒಂದು ದಿನ ಪೂರ್ತಿ ಖುಷಿಯಲ್ಲಿದ್ದೆ. ಮರುದಿನ ನೋಡಿದರೆ ಬರವಣಿಗೆ, ಬೆಳವಣಿಗೆ, ಮೆರವಣಿಗೆ ಎಲ್ಲ ಎದ್ದು ನಿಂತವು. ಅವೆಲ್ಲ ಕೆಲಸದ ಹೆಸರು, ಸಲಕರಣೆಯ ಹೆಸರಲ್ಲ. ಆದರೂ ಪದದ ಆಸೆ ಹೋಗಿಲ್ಲ. ಸದ್ಯಕ್ಕೆ ‘ಕೈಸಲಿಕೆ’ ಅಂತ ಬರೆದು ಪಕ್ಕದಲ್ಲಿ ಚಿತ್ರ ಹಾಕಿದ್ದೇನೆ. ಚಿತ್ರ ಇದ್ದರೆ ಜಗಳ ಕಡಿಮೆ.

ಈಗ ಕತ್ತರಿಗೆ ಬರೋಣ. ಕೊಂಬೆ ಕತ್ತರಿಸುವ ಸ್ಪ್ರಿಂಗ್ ಇರುವ ಕೈಕತ್ತರಿಗೆ ಎಲ್ಲರೂ ‘ಸಿಕೇಟರ್’ ಅನ್ನುತ್ತಾರೆ. ಅದು ಫ್ರೆಂಚ್ ಪದ. ಅದರ ಬೇರು ಲ್ಯಾಟಿನ್ನಿನಲ್ಲಿ ‘ಕೊಯ್ಯು’ ಅನ್ನುವ ಅರ್ಥದ ಕ್ರಿಯಾಪದ. ಹೆಸರಿನ ಬಗ್ಗೆ ನನಗೆ ತಕರಾರಿಲ್ಲ, ಸಿಕೇಟರ್ ಬಳಕೆಯಲ್ಲಿ ಕೂತುಬಿಟ್ಟಿದೆ. ತೊಂದರೆ ಇರುವುದು ಅದರ ಎರಡು ಬಗೆಗಳಲ್ಲಿ. ಒಂದರಲ್ಲಿ ಎರಡು ಬಾಗಿದ ಅಲಗುಗಳು ಒಂದನ್ನೊಂದು ಸವರಿಕೊಂಡು ದಾಟಿ ಹೋಗುತ್ತವೆ, ದರ್ಜಿಯ ಕತ್ತರಿಯ ಹಾಗೆ. ಇನ್ನೊಂದರಲ್ಲಿ ಹರಿತವಾದ ಒಂದೇ ಅಲಗು ನೇರವಾಗಿ ಬಂದು ಕೆಳಗಿನ ಚಪ್ಪಟೆ ಪಟ್ಟಿಯ ಮೇಲೆ ಕೂರುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ಬೈಪಾಸ್, ಎರಡನೆಯದು ಆನ್ವಿಲ್. ‘ಬೈಪಾಸ್ ಕತ್ತರಿ’ ಅಂತ ಬರೆದರೆ ಓದುವವರಿಗೆ ಹೃದಯದ ಆಪರೇಷನ್ ನೆನಪಾಗುತ್ತದೆ. ಆನ್ವಿಲ್‌ಗೆ ‘ಅಡಿಗಲ್ಲು’ ಅಂತ ಕಮ್ಮಾರರ ಪದ ಇದೆ, ಆದರೆ ‘ಅಡಿಗಲ್ಲು ಕತ್ತರಿ’ ಅಂದರೆ ಶಂಕುಸ್ಥಾಪನೆಗೆ ಟೇಪ್ ಕತ್ತರಿಸುವ ಕತ್ತರಿಯಾ ಅಂತ ಕೇಳಿಯಾರು.

ನನಗೆ ತೋಚಿದ್ದು ಇದು. ದಾಟಿಹೋಗುವುದನ್ನು ಸುಮ್ನೆ ‘ಕತ್ತರಿ ಬಾಯಿ’ ಅನ್ನೋಣ. ಪಟ್ಟಿಯ ಮೇಲೆ ಕೂರುವುದನ್ನು ‘ಅಡಕತ್ತರಿ ಬಾಯಿ’ ಅನ್ನೋಣ. ಅಡಕತ್ತರಿಯಲ್ಲೂ ಹರಿತ ಇರುವುದು ಮೇಲಿನ ತೋಳಿಗೆ ಮಾತ್ರ, ಕೆಳಗಿನದು ಮೊಂಡು. ಇನ್ನೊಂದು ಲಾಭ, ಹೆಸರಿನಲ್ಲೇ ಬಳಕೆಯೂ ಗೊತ್ತಾಗುತ್ತದೆ. ಅಡಕತ್ತರಿಗೆ ಸಿಕ್ಕಿದ ಅಡಕೆಯ ಪಾಡು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಸಿ ಕೊಂಬೆಯನ್ನು ಆ ಬಗೆಯಲ್ಲಿ ಕತ್ತರಿಸಿದರೆ ಅದು ಪಟ್ಟಿಗೆ ಒತ್ತಿ ಜಜ್ಜಿಹೋಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಒಣಗಿದ ಗಟ್ಟಿ ಕಡ್ಡಿಗೆ ಮಾತ್ರ ಅದು ಸರಿ. ಹಸಿರು ಕೊಂಬೆಗೆ ಕತ್ತರಿ ಬಾಯಿಯದ್ದೇ ಬೇಕು. ಒಂದೇ ಕೊಳ್ಳುವುದಾದರೆ ಅದನ್ನೇ ಕೊಳ್ಳಿ ಅಂತ ಬರೆದಿದ್ದೇನೆ. ಹೆಬ್ಬೆರಳಿಗಿಂತ ದಪ್ಪ ಕೊಂಬೆಗೆ ಎರಡೂ ಬೇಡ, ಗರಗಸ ತನ್ನಿ. ಈ ಜೋಡಿ ಹೆಸರು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಹರಿತ ಮಾಡುವ ಪದಗಳ ಬಗ್ಗೆ ಜಾಸ್ತಿ ಹೇಳುವುದಿದೆ, ಯಾಕೆಂದರೆ ಅಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಈಗಿನ ಬರಹಗಳಲ್ಲಿ ಎಲ್ಲದಕ್ಕೂ ‘ಚೂಪು ಮಾಡಿ’ ಅಂತ ಒಂದೇ ಮಾತು. ಸೂಜಿ ಚೂಪು, ಮುಳ್ಳು ಚೂಪು, ಹಾರೆಯ ಮೊನೆ ಚೂಪು. ಕತ್ತಿ, ಕುಡುಗೋಲು, ಕತ್ತರಿ ಚೂಪಲ್ಲ, ಹರಿತ. ಮೊನೆಗೆ ಚೂಪು, ಅಂಚಿಗೆ ಹರಿತ. ಇದು ಸುಮ್ನೆ ಪಂಡಿತರ ಗೆರೆಯಲ್ಲ. ‘ಕತ್ತರಿಯನ್ನು ಚೂಪು ಮಾಡಿ’ ಅಂತ ಬರೆದರೆ ತುದಿ ಉಜ್ಜುವವರು ಇದ್ದಾರೆ.

ಇನ್ನು ಕ್ರಿಯಾಪದಗಳು. ಕಲ್ಲಿನ ಮೇಲೆ ಕೈಯಿಂದ ಉಜ್ಜುವುದು ಮಸೆಯುವುದು. ತಿರುಗುವ ಚಕ್ರಕ್ಕೆ ಒಡ್ಡುವುದು ಸಾಣೆ ಹಿಡಿಯುವುದು. ಅರದಿಂದ (ಇಂಗ್ಲಿಷಿನ ಫೈಲ್) ಉಜ್ಜುವುದಕ್ಕೆ ‘ತೀಡು’ ಅಂತ ಬರೆದಿದ್ದೇನೆ, ಬೇರೆ ಒಳ್ಳೆಯ ಮಾತಿದ್ದರೆ ಬೇಕು. ಅರ ಮುಂದೆ ನೂಕುವಾಗ ಮಾತ್ರ ಕೊರೆಯುತ್ತದೆ. ಹಿಂದೆ ಎಳೆಯುವಾಗ ಎತ್ತಿಬಿಡಬೇಕು, ಇಲ್ಲದಿದ್ದರೆ ಅದರ ಹಲ್ಲೇ ಸವೆಯುತ್ತದೆ. ಕತ್ತರಿ ಬಾಯಿಯ ಸಿಕೇಟರಿನಲ್ಲಿ ಅಲಗಿನ ಒಂದೇ ಮಗ್ಗುಲಿಗೆ ಓರೆ ಇರುತ್ತದೆ. ಆ ಮಗ್ಗುಲನ್ನೇ, ಆ ಓರೆಯನ್ನೇ ಹಿಡಿದು ಮಸೆಯಬೇಕು. ಚಪ್ಪಟೆ ಮಗ್ಗುಲನ್ನೂ ಓರೆ ಮಾಡಿದರೆ ಎರಡು ಅಲಗಿನ ನಡುವೆ ಸಂದಿ ಬಿದ್ದು, ಕೊಂಬೆ ಕತ್ತರಿಸದೆ ಮಡಚಿಕೊಳ್ಳುತ್ತದೆ. ಇಲ್ಲಿ ‘ಓರೆ’ ಸಾಕಾ? ‘ಇಳಿಜಾರು’ ನನಗೆ ರಸ್ತೆಯ ಹಾಗೆ ಕೇಳುತ್ತದೆ. ಅಂದಹಾಗೆ, ಬೇರೆಯವರ ಮೇಲೆ ಕತ್ತಿ ಮಸೆಯುವುದು ನಮ್ಮ ಮಾತಿನಲ್ಲಿ ದಿನಾ ಇದೆ. ನಿಜವಾದ ಕತ್ತಿಯನ್ನು ಮಸೆಯುವಾಗ ಮಾತ್ರ ‘ಶಾರ್ಪ್ ಮಾಡ್ತೀನಿ’ ಅನ್ನುತ್ತೇವೆ.

ಪೆಟ್ಟು ತಿಂದದ್ದು ಕುಡುಗೋಲಿನಲ್ಲಿ. ಕುಡು ಅಂದರೆ ಡೊಂಕು, ಡೊಂಕಾದ ಕೋಲು ಕುಡುಗೋಲು. ಕುಡ್ಲು, ಕುಡಗೋಲು ಎಲ್ಲ ಅದರ ಆಡುರೂಪಗಳೇ. ನನ್ನ ಹತ್ತಿರ ಒಂದು ಹಳೆಯದಿತ್ತು. ಹುಲ್ಲು ಕೊಯ್ಯುತ್ತಿರಲಿಲ್ಲ, ಹಿಡಿದೆಳೆಯುತ್ತಿತ್ತು. ಮೊಂಡಾಗಿದೆ ಅಂತ ಮಸೆಗಲ್ಲಿನ ಮೇಲೆ ಅರ್ಧ ಗಂಟೆ ಮಸೆದೆ. ಕನ್ನಡಿಯ ಹಾಗೆ ಹೊಳೆಯಿತು. ಆಮೇಲೆ ಹುಲ್ಲಿಗೆ ಹಾಕಿದರೆ ಜಾರಿಕೊಂಡು ಹೋಯಿತು. ಅದನ್ನು ನೋಡಿದ ಒಬ್ಬ ಹಿರಿಯರು ಅಂಚಿನ ಮೇಲೆ ಹೆಬ್ಬೆರಳು ಅಡ್ಡ ಹಾಯಿಸಿ, ‘ಕಕ್ಕೆಲ್ಲ ಹೋಯ್ತಲ್ಲೋ’ ಅಂದರು. ಕಕ್ಕು ಅಂದರೆ ಕುಡುಗೋಲಿನ ಬಾಯಿಗೆ ಹಾಕಿದ ಸಣ್ಣ ಸಣ್ಣ ಹಲ್ಲು. ಹುಲ್ಲಿನ ನಾರನ್ನು ಹಿಡಿದು ಕೊಯ್ಯುವುದು ಅದೇ. ಕಕ್ಕು ಸವೆದರೆ ಮತ್ತೆ ಕಕ್ಕು ಹಾಕಿಸಬೇಕು, ಮಸೆಯಬಾರದು. ಕಕ್ಕಿಲ್ಲದ ನುಣುಪು ಬಾಯಿಯದ್ದನ್ನು ಮಸೆಯಬೇಕು, ಅದಕ್ಕೆ ಕಕ್ಕು ಬೇಡ. ಆ ಒಂದು ಪದ ಮೊದಲೇ ಗೊತ್ತಿದ್ದಿದ್ದರೆ ಕುಡುಗೋಲು ಉಳಿಯುತ್ತಿತ್ತು. ಈಗಿನ ನಿಘಂಟುಗಳಲ್ಲಿ ‘ಕಕ್ಕು’ ಹುಡುಕಿದರೆ ವಾಂತಿಯೇ ಮೊದಲು ಸಿಗುತ್ತದೆ. ನಿಮ್ಮ ಕಡೆ ಇದು ಇನ್ನೂ ಬಳಕೆಯಲ್ಲಿದೆಯಾ? ಗರಗಸದ ಹಲ್ಲಿಗೂ ಕಕ್ಕು ಅನ್ನುತ್ತೀರಾ?

ಕಾವು ಮತ್ತು ಹಿಡಿ. ಇವೆರಡನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ವಾದ. ಗುದ್ದಲಿಗೆ, ಕೊಡಲಿಗೆ, ಪಿಕಾಸಿಗೆ ಇರುವುದು ಕಾವು, ಎರಡು ಕೈಯಿಂದ ಹಿಡಿಯುವ ಉದ್ದನೆಯ ಮರ. ಕುಡುಗೋಲಿಗೆ, ಚಾಕುವಿಗೆ, ಕೈಸಲಿಕೆಗೆ ಇರುವುದು ಹಿಡಿ, ಒಂದು ಮುಷ್ಟಿಯದ್ದು. ‘ಕೊಡಲಿ ಕಾವು ಕುಲಕ್ಕೆ ಸಾವು’ ಅನ್ನುವ ಗಾದೆ ಗೊತ್ತಿದ್ದವರೂ ಈಗ ಎಲ್ಲಕ್ಕೂ ‘ಹ್ಯಾಂಡಲ್’ ಅನ್ನುತ್ತಾರೆ. ಎರಡೂ ಕೆಡುವ ಬಗೆ ಬೇರೆ, ಸರಿಮಾಡುವ ಬಗೆಯೂ ಬೇರೆ. ಗುದ್ದಲಿಯಲ್ಲಿ ಕಬ್ಬಿಣದ ತೂತಿನೊಳಗೆ ಮರ ಹೋಗುತ್ತದೆ, ಸಡಿಲವಾದರೆ ಬೆಣೆ ಹೊಡೆಯಬೇಕು. ಕುಡುಗೋಲಿನಲ್ಲಿ ಮರದೊಳಗೆ ಕಬ್ಬಿಣ ಹೋಗುತ್ತದೆ, ಅಲ್ಲಿ ಬೆಣೆ ಹೊಡೆದರೆ ಹಿಡಿ ಸೀಳುತ್ತದೆ. ಸಡಿಲವಾದ ಕಾವನ್ನು ರಾತ್ರಿ ನೀರಿನಲ್ಲಿ ಇಡುವವರಿದ್ದಾರೆ. ಮರ ಉಬ್ಬಿ ಬೆಳಿಗ್ಗೆ ಬಿಗಿಯಾಗಿರುತ್ತದೆ ನಿಜ. ಒಣಗಿದ ಮೇಲೆ ಮೊದಲಿಗಿಂತ ಜಾಸ್ತಿ ಅಲ್ಲಾಡುತ್ತದೆ. ಬೆಣೆಯೇ ಸರಿ. ಕಾವಿಗೆ ವರ್ಷಕ್ಕೆ ಒಂದೆರಡು ಸಲ ಅಗಸೆ ಎಣ್ಣೆ ಸವರಿದರೆ ಮರ ಬಿರುಕು ಬಿಡುವುದು ಕಡಿಮೆ. ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಹಿಡಿ ಸೀಳದಂತೆ ಅದರ ಬಾಯಿಗೆ ಹಾಕುವ ಲೋಹದ ಬಳೆಗೆ ‘ಅಣಸು’ ಅಂತ ಬರೆದಿದ್ದೇನೆ. ಒನಕೆಯ ತುದಿಯ ಕಬ್ಬಿಣದ ಬಳೆಗೆ ಹೇಳುವ ಮಾತು ಅದು. ಕೊಳ್ಳುವಾಗ ಮೊದಲು ನೋಡಬೇಕಾದದ್ದೂ ಅದನ್ನೇ: ಅಣಸು ಕೈಯಿಂದ ತಿರುಗಿಸಿದರೆ ತಿರುಗುತ್ತದಾ? ತಿರುಗಿದರೆ ಬಿಟ್ಟುಬಿಡಿ. ಆದರೆ ಒನಕೆಯ ಮಾತನ್ನು ಕೈಸಲಿಕೆಗೆ ತಂದದ್ದು ಸರಿಯಾ, ಇಲ್ಲಾ ಸುಮ್ನೆ ‘ಬಳೆ’ ಅನ್ನುವುದು ಒಳ್ಳೆಯದಾ? ಬಳೆ ಎಲ್ಲರಿಗೂ ತಿಳಿಯುತ್ತದೆ. ಅಣಸು ಮಾತ್ರ ನನಗೆ ಬಿಡಲು ಮನಸ್ಸಿಲ್ಲ.

ತುಕ್ಕು, ಕಿಲುಬು ಬಗ್ಗೆ ಗೊಂದಲ ಇಲ್ಲ: ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಕೆಲಸ ಮುಗಿದ ಮೇಲೆ ಮಣ್ಣು ಕೆರೆದು, ಒರೆಸಿ, ಒಣಗಿಸಿ, ಎಣ್ಣೆಯ ಬಟ್ಟೆ ಆಡಿಸಿದರೆ ತುಕ್ಕಿನ ಪಾಠವೇ ಬೇಡ. ರೋಗ ಬಂದ ಗಿಡಕ್ಕೆ ಹಾಕಿದ ಕತ್ತರಿಯನ್ನು ಶೇ. 70ರ ಆಲ್ಕೋಹಾಲಿನಲ್ಲಿ ಒರೆಸಿಯೇ ಮುಂದಿನ ಗಿಡಕ್ಕೆ ಹೋಗಬೇಕು.

ಕೊನೆಯ ಪ್ರಶ್ನೆ. ಗುದ್ದಲಿಯಲ್ಲಿ ಕಾವು ಹೋಗುವ ಆ ತೂತಿಗೆ ಏನನ್ನುತ್ತೀರಿ? ಇಂಗ್ಲಿಷಿನವರಿಗೆ ಅದು ಕಣ್ಣು. ಸೂಜಿಗೆ ನಾವೂ ಕಣ್ಣು ಅನ್ನುತ್ತೇವೆ, ಆದರೆ ಗುದ್ದಲಿಯ ಕಣ್ಣು ಅಂತ ನಾನು ಕೇಳಿಲ್ಲ. ಕಮ್ಮಾರಿಕೆಯ ಮನೆಯವರು ಯಾರಾದರೂ ಇದ್ದರೆ ಅವರೇ ಹೇಳಬೇಕು. ಬರಹದ ಮೂರನೆಯ ಪುಟದಲ್ಲಿ ಆ ಜಾಗ ಖಾಲಿ ಬಿಟ್ಟು, ಪೆನ್ಸಿಲಿನಲ್ಲಿ ಒಂದು ಸೊನ್ನೆ ಬರೆದಿಟ್ಟಿದ್ದೇನೆ.